ಮುತ್ತ್ಯಾನ ಎಂಟನೆಯ ಮನಿ

ಈ ಸಲ ದಸರೆಗೆ ಒಂದು ವಾರ ಮೊದಲು ಔರಾದಿನ ನಮ್ಮ ಸಾಲೆಯ ಅಂಗಳಕ್ಕೆ ಕಲಾಯಿ ಮಾಡುವವನು ಬಂದ. ವಸತಿಯ ಹುಡುಗಿಯರ ಹಂಡೆ, ತಪ್ಪಲೆಗಳೆಲ್ಲ ಒಳಗೆ ಹಸಿರುಗಟ್ಟಿದ್ದವು. ಅವನು ಬೇವಿನ ಮರದ ಕೆಳಗೆ ಕುಳಿ ತೋಡಿ, ತಿದಿ ಹೂಡಿ, ಕಾದ ಹಂಡೆಯೊಳಕ್ಕೆ ನವಸಾಗರದ ಪುಡಿ ಎರಚಿ ಅರಿವೆಯಿಂದ ತಿಕ್ಕಿದ. ಬಿಳಿ ಹೊಗೆ ಎದ್ದು ವರಾಂಡದ ಕಡೆ ತಿರುಗಿತು. ಐದನೆಯ ಇಯತ್ತೆಗೆ ಚರಿತ್ರೆ ಹೇಳುತ್ತ ನಿಂತಿದ್ದ ನನಗೆ, ಮೂಗಿನ ಬೇರಿಗೆ ಚುಚ್ಚುವ ಆ ವಾಸನೆ ತಾಕಿದ್ದೇ ತಡ, ಮುಂದಿನ ವಾಕ್ಯ ಮರೆತುಹೋಯಿತು.

"ಹೊಗಿ ಬಡದದೇನ್ರಿ ಅಕ್ಕೋರ? ಕಣ್ಣಾಗ ನೀರು ಬಂದಾವ," ಎಂದು ಅವನು ಅಂಗಳದಿಂದಲೇ ಕೂಗಿದ.

"ಹೌದು, ಹೊಗೆ," ಎಂದೆ. ಸುಳ್ಳು ಹೇಳುವುದು ನನಗೆ ಈಗಲೂ ಅಷ್ಟೇ ಸುಲಭ.

ಆ ವಾಸನೆ ನನಗೆ ಗೊತ್ತಿದ್ದದ್ದು ಬೀದರಿನ ಒಂದು ಮಳೆಗಾಲದಿಂದ. ಮೂರು ವರ್ಷದ ಹಿಂದಿನ ಮಾತು. ನಾನಾಗ ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ನನ್ನ ತಂದೆ ಭಾಲ್ಕಿಯಲ್ಲಿ ಮಿಷನ್ ಸಾಲೆಯ ಮಾಸ್ತರರು. ಮಗಳು ಓದಿ ಬಂದಳೆಂದು ಇಡೀ ಸಭೆ ಪ್ರಾರ್ಥನೆ ಮಾಡಿತ್ತು. ಆದರೆ ಸರಕಾರಿ ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಗಬೇಕಾದರೆ ಹೈದರಾಬಾದಿನಲ್ಲಿ ಯಾರಾದರೂ ಒಂದು ಮಾತು ಹೇಳಬೇಕಿತ್ತು. ನಮ್ಮ ಕಡೆಯವರು ಅಲ್ಲಿ ಯಾರಿದ್ದರು?

ಆಗ ಬೀದರಿನ ಮುಸಾಫಿರ್ ಬಂಗಲೆಯಲ್ಲಿ ಒಬ್ಬ ಇಂಗ್ಲಿಷ್ ಕರ್ನಲ್ ಸಾಹೇಬರು ಇಳಿದುಕೊಂಡಿದ್ದರು. ದಂಡಿನಿಂದ ನಿವೃತ್ತರಾದವರು, ಒಂಟಿ ಮನುಷ್ಯ, ಬಿಳಿ ಮೀಸೆ. ಊರಿನ ತಣ್ಣನೆಯ ಹವೆಯಲ್ಲಿ ಮಳೆಗಾಲ ಕಳೆದು ಒಂದು ಪುಸ್ತಕ ಬರೆದು ಮುಗಿಸಬೇಕೆಂದು ಬಂದಿದ್ದರು. ಆ ಪುಸ್ತಕ ಸುಮಾರು ಮುನ್ನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ದಳಪತಿಯ ಜೀವನ ಚರಿತ್ರೆ. ತಾಯಿಯ ಕಡೆಯಿಂದ ತಾವು ಆ ಮನೆತನಕ್ಕೆ ಸೇರಿದವರೆಂದು ಹೇಳಿಕೊಳ್ಳುತ್ತಿದ್ದರು. ಅವರಿಗೆ ಟೈಪ್ ಮಾಡಲು, ಊರವರೊಡನೆ ಮಾತಾಡುವಾಗ ನಡುವೆ ದುಭಾಷಿಯಾಗಿ ನಿಲ್ಲಲು ಒಬ್ಬರು ಬೇಕಾಗಿದ್ದರು. ಮಿಷನ್ ದವಾಖಾನೆಯ ಡಾಕ್ಟರಮ್ಮ ನನ್ನ ಹೆಸರು ಹೇಳಿದರು. ಕೆಲಸ ಮುಗಿದ ಮೇಲೆ ಹೈದರಾಬಾದಿನ ವಿದ್ಯಾ ಇಲಾಖೆಗೆ ಒಂದು ಪತ್ರ ಬರೆದುಕೊಡುವುದಾಗಿ ಸಾಹೇಬರು ಒಪ್ಪಿದರು. ಆ ಪತ್ರಕ್ಕಾಗಿಯೇ ನಾನು ಹೋದದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದವಾಖಾನೆಯ ನರ್ಸುಗಳ ಕೋಣೆಯಲ್ಲಿ ನನಗೆ ಒಂದು ಮಂಚ ಕೊಟ್ಟಿದ್ದರು. ಆ ವರ್ಷ ಮಳೆ ಜೋರಾಗಿ ಬರಲಿಲ್ಲ, ಆದರೆ ನಿಲ್ಲಲೂ ಇಲ್ಲ. ಬೀದರಿನ ಕೆಂಪು ನೆಲ ಮೆತ್ತಗಾಗಿ ಸೀರೆಯ ಅಂಚಿಗೆಲ್ಲ ಇಟ್ಟಿಗೆಯ ಬಣ್ಣ. ಬೆಳಿಗ್ಗೆ ಎಂಟಕ್ಕೆ ಬಂಗಲೆಗೆ ಹೋಗಿ ಮಧ್ಯಾಹ್ನದವರೆಗೆ ಟೈಪ್ ಮಾಡುತ್ತಿದ್ದೆ. ಸಾಹೇಬರ ಕೈಬರಹ ಕೆಟ್ಟದ್ದಾಗಿತ್ತು, ವಾಕ್ಯಗಳು ಚೆನ್ನಾಗಿದ್ದವು. ಅವರು ನನ್ನನ್ನು ಹೊಗಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಅದು ನನಗೆ ಹಿತವಾಗಿತ್ತು.

ಆಷಾಢದ ಕೊನೆಗೆ ಅವರಿಗೆ ಒಂದು ಯೋಚನೆ ಬಂತು. ಊರಿಗೆ ಮರಳುವಾಗ ಕಪ್ಪು ಲೋಹಕ್ಕೆ ಬೆಳ್ಳಿ ಕೂಡಿಸುವ ಬಿದರಿ ಕೆಲಸದ ಒಂದು ದೊಡ್ಡ ತಟ್ಟೆ ಒಯ್ಯಬೇಕು. ನಡುವೆ ತಮ್ಮ ಹಿರಿಯನಾದ ಆ ದಳಪತಿಯ ಮುಖ, ಸುತ್ತ ಹನ್ನೆರಡು ಚೌಕಗಳಲ್ಲಿ ಅವನ ಜೀವನ. ಡಾಕ್ಟರಮ್ಮನ ಜವಾನ ನಮ್ಮನ್ನು ಬಿದರಿ ಕಸುಬಿನ ಶರಣಪ್ಪನವರ ಮನೆಗೆ ಕರೆದುಕೊಂಡು ಹೋದ.

ಶರಣಪ್ಪನವರಿಗೆ ಆಗ ಅರವತ್ತರ ಹತ್ತಿರ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಕೈಬೆರಳುಗಳು ಕಪ್ಪು. ಜಿಲ್ಲೆಯ ಕಚೇರಿಯಿಂದ ಹೈದರಾಬಾದಿನ ದರಬಾರಿಗೆ ನಜರಾಗಿ, ಅಂದರೆ ಕಾಣಿಕೆಯಾಗಿ, ಹೋಗುವ ಹೂಜಿ, ಪಾನದಾನುಗಳನ್ನು ವರ್ಷವರ್ಷವೂ ಅವರೇ ಮಾಡಿಕೊಡುತ್ತಿದ್ದರು. ಅವರ ಕೈಯಿಂದ ಹೋದ ಒಂದು ಸಾಮಾನೂ ತಿರುಗಿ ಬಂದದ್ದಿಲ್ಲ ಎಂದು ಓಣಿಯೆಲ್ಲ ಹೇಳುತ್ತಿತ್ತು.

ಸಾಹೇಬರು ಹನ್ನೆರಡು ಸಂಗತಿಗಳ ಪಟ್ಟಿ ಕೊಟ್ಟರು. ಅದನ್ನು ಕನ್ನಡದಲ್ಲಿ ವಿವರಿಸಿ ಹೇಳುವುದು ನನ್ನ ಕೆಲಸ. ಹೀಗಾಗಿ ದಿನಾ ಮಧ್ಯಾಹ್ನ ಶರಣಪ್ಪನವರ ಪಡಸಾಲೆಯಲ್ಲಿ ಕೂರತೊಡಗಿದೆ. ಅವರು ಎರಕ ಹೊಯ್ದ ತಟ್ಟೆಯನ್ನು ಮೈಲುತುತ್ತದ ನೀರಿನಿಂದ ಸದ್ಯಕ್ಕೆ ಕಪ್ಪಾಗಿಸಿ, ಅದರ ಮೇಲೆ ಮೊಳೆಯಿಂದ ಗೆರೆ ಹಾಕಿಕೊಂಡಿದ್ದರು. ಚೌಕಗಳನ್ನು ಅವರು 'ಮನಿ' ಎನ್ನುತ್ತಿದ್ದರು. ಆ ದಳಪತಿಯ ಹೆಸರು ಅವರ ಬಾಯಲ್ಲಿ ಹೊರಳಲಿಲ್ಲ. ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು.

"ಹೆಸರು ಇರ್ಲಿ ಬಿಡ್ರಿ ಅಕ್ಕೋರ. ಸಾಹೇಬನ ಮುತ್ತ್ಯಾ ಹೌದಲ್ಲೇನು? ಮುತ್ತ್ಯಾ ಅಂದ್ರ ಮುಗೀತು."

ಮುತ್ತ್ಯಾ ಎಂದರೆ ನಮ್ಮ ಕಡೆ ಅಜ್ಜ, ಮನೆಯ ಹಿರಿಯ. ನಾನಿನ್ನೂ ಯಾವ ಸಾಲೆಯಲ್ಲೂ ಕಲಿಸುತ್ತಿರಲಿಲ್ಲ. ನನ್ನನ್ನು ಮೊದಲು ಅಕ್ಕೋರ ಎಂದು ಕರೆದವರು ಅವರು.

ಮುತ್ತ್ಯಾನ ಕಥೆ ಹೀಗೆ ಸಾಗಿತು. ಹೆಸರಿದ್ದು ಕಾಸಿಲ್ಲದ ಜಮೀನ್ದಾರ ಮನೆಯ ಕಿರಿಯ ಮಗ. ತಂದೆಯನ್ನು ಮೋಸದಿಂದ ಹಿಡಿಸಿದ ಅಧಿಕಾರಿಯನ್ನು ಹದಿನಾರು ಹದಿನೇಳರ ವಯಸ್ಸಿನಲ್ಲೇ ಹಿಡಿದು ಬಡಿದು, ಊರು ಬಿಟ್ಟು ದಂಡು ಸೇರಿದ. ಡಚ್ಚರ ನಾಡಿನಲ್ಲಿ ಯುದ್ಧ ಕಲಿತ. ಅರಸನಿಗೂ ಪ್ರಜೆಗಳ ಸಭೆಗೂ ಜಗಳ ಹತ್ತಿದಾಗ ಅರಸನ ಕಡೆ ಕಾದು ಸೆರೆಸಿಕ್ಕ. ಲಂಡನ್ನಿನ ಕೋಟೆಯಲ್ಲಿ ಎರಡು ವರ್ಷ ಕೂತು ಯುದ್ಧದ ಮೇಲೆ ಒಂದು ಗ್ರಂಥ ಬರೆದ. ಅಲ್ಲಿ ಅವನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಹೆಂಗಸು, ಲಾಳ ಕಟ್ಟುವವನ ಮಗಳು, ಮುಂದೆ ಅವನ ಹೆಂಡತಿಯಾದಳು.

"ಕೇಳಿದ್ಯಾ?" ಎಂದರು ಶರಣಪ್ಪ, ಒಳಗೆ ಜೋಳ ಹಸನು ಮಾಡುತ್ತಿದ್ದ ಹೆಂಡತಿ ನೀಲಮ್ಮನಿಗೆ. "ಅರಿವಿ ಒಗಿಯಾಕಿ ಮುಂದ ದೊಡ್ಡ ದೊರೆಸಾನಿ ಆದಳಂತ."

"ನಾನೂ ಮೂವತ್ತು ವರ್ಷ ನಿಮ್ಮ ಅರಿವಿ ಒಗದೀನಿ. ನನಗೇನಾತು? ಕೈ ಕರ್ರಗಾತು," ಎಂದರು ನೀಲಮ್ಮ.

ಸೆರೆಯಿಂದ ಹೊರಬಂದವನು ಸಭೆಯವರ ಕಡೆಯೇ ಸೇರಿದ ಎಂದಾಗ ಶರಣಪ್ಪನವರ ಸುತ್ತಿಗೆ ನಿಂತಿತು. "ಒಂದು ಮಾತು ಕೇಳ್ತೇನಿ. ಇವ ಯಾರ ಕಡೀ ಮನುಷ್ಯಾ ರೀ?"

"ಯಾರು ಸಂಬಳ ಕೊಟ್ಟರೋ ಅವರ ಕಡೆ. ಆದರೆ ಯಾರ ಕಡೆ ಇದ್ದರೂ ಕೆಲಸ ಚೊಕ್ಕ," ಎಂದೆ.

"ಹಂಗಂದ್ರ ನಮ್ಮ ತಹಸೀಲ ಕಚೇರಿ ಪೇಶಕಾರ," ಎಂದು ನಕ್ಕರು.

ಸಮುದ್ರ ಯುದ್ಧದ ಕಥೆ ಅವರಿಗೆ ಬಹಳ ಹಿಡಿಸಿತು. ನೆಲದ ದಂಡಿನವನನ್ನು ಹಡಗುಗಳ ಮೇಲೆ ಸರದಾರನನ್ನಾಗಿ ಮಾಡಿದಾಗ, ಕುದುರೆ ದಂಡಿಗೆ ಕೂಗುವಂತೆ "ಬಲಕ್ಕೆ ತಿರುಗಿ" ಎಂದು ಕೂಗಿದನಂತೆ, ನಾವಿಕರು ನಕ್ಕರಂತೆ. "ಹಡಗಾ ಅಂದ್ರ ಎತ್ತೇನ್ರಿ, ಬಾರಕೋಲು ತೋರ್ಸಿದ್ರ ತಿರುಗಾಕ?" ಎಂದು ಆ ಮನಿಯಲ್ಲಿ ಹಡಗಿನ ಮೂತಿಗೆ ಒಂದು ಸಣ್ಣ ಮೂಗುದಾರದ ಗೆರೆಯನ್ನೇ ಎಳೆದುಬಿಟ್ಟರು. ಸಾಹೇಬರಿಗೆ ಅದು ಹಗ್ಗವೆಂದು ಕಾಣುತ್ತದೆ ಎಂದು ನಾನು ಸುಮ್ಮನಾದೆ. ಕೊನೆಗೆ ಮುತ್ತ್ಯಾ ಹಾಸಿಗೆಯಲ್ಲಿ ಮಲಗದೆ ಕುರ್ಚಿಯಲ್ಲಿ ಕೂತೇ ಪ್ರಾಣ ಬಿಟ್ಟ ಎಂದಾಗ ಇಬ್ಬರೂ ಒಮ್ಮೆಗೇ ತಲೆಯೆತ್ತಿದರು. ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಕೊಡುತ್ತಾರೆ.

"ಕುಂತೇ ಹೋದನ?" ಎಂದರು ನೀಲಮ್ಮ. "ಹಂಗಿದ್ರ ನಮ್ಮಂವನs ಬಿಡ್ರಿ."

ನನಗೆ ಮಾತ್ರ ಮುತ್ತ್ಯಾನಲ್ಲಿ ಹಿಡಿಸಿದ್ದು ಅವನ ಮೌನ. ಸಭೆಯವರು ಅರಸನ ತಲೆ ಕಡಿಸಿ, ಆಮೇಲೆ ರಾಜ್ಯ ಆಳಿದವನೂ ಸತ್ತು, ದೇಶ ಗೊಂದಲದಲ್ಲಿದ್ದಾಗ, ಇವನು ಸ್ಕಾಟ್ಲೆಂಡಿನಿಂದ ಹಿಮದಲ್ಲಿ ದಂಡು ನಡೆಸಿಕೊಂಡು ಲಂಡನ್ನಿಗೆ ಬಂದ. ದಾರಿಯುದ್ದಕ್ಕೂ ಎಲ್ಲರೂ ಕೇಳಿದರು, ನೀನು ಯಾರ ಪರ ಎಂದು. ಅವನು ಯಾರಿಗೂ ಹೇಳಲಿಲ್ಲ. ಸತ್ತ ಅರಸನ ಮಗನನ್ನು ಕರೆತಂದು ಸಿಂಹಾಸನದ ಮೇಲೆ ಕೂಡಿಸುವ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಸಾಹೇಬರು ಆ ಅಧ್ಯಾಯದಲ್ಲಿ ಮೌನವನ್ನು ದೊಡ್ಡ ಗುಣವೆಂದು ಬರೆದಿದ್ದರು. ಟೈಪ್ ಮಾಡುತ್ತ ನಾನು ಒಳಗೊಳಗೇ ಒಪ್ಪಿದ್ದೆ. ಚಿಕ್ಕಂದಿನಿಂದ ಹೆಚ್ಚು ಮಾತಾಡದವಳು ನಾನು. ಅದು ಹೆದರಿಕೆಯೋ ಗುಣವೋ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಇನ್ನು ಎಂಟನೆಯ ಮನಿ. ಪಟ್ಟಿಯಲ್ಲಿ ಅಲ್ಲಿ ಇದ್ದದ್ದು, 'ಸ್ಕಾಟ್ಲೆಂಡಿನ ಆಡಳಿತ: ಒಂದು ಕೋಟೆ.' ಬೀದರಿನ ಮನುಷ್ಯನಿಗೆ ಕೋಟೆ ಬಿಡಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಅಷ್ಟು ಹೇಳಿ ಎದ್ದು ಬರಬಹುದಿತ್ತು.

ಆದರೆ ಅದೇ ವಾರ ಸಾಹೇಬರು ಒಂದು ಪುಟ ಹೊಡೆದುಹಾಕಿದ್ದರು. ಮುತ್ತ್ಯಾ ಸ್ಕಾಟ್ಲೆಂಡಿನ ಒಂದು ಬಂದರು ಪಟ್ಟಣವನ್ನು ಹಿಡಿದಾಗ ಅವನ ದಂಡು ಊರನ್ನು ಲೂಟಿ ಮಾಡಿ, ಶರಣಾದವರನ್ನೂ ಹೆಂಗಸರು ಮಕ್ಕಳನ್ನೂ ಕೊಂದಿತ್ತು. ಕೊನೆಗೆ ಒಂದು ಓಣಿಯಲ್ಲಿ ಸತ್ತ ತಾಯಿಯ ಮೊಲೆಗೆ ಬಾಯಿಟ್ಟ ಕೂಸನ್ನು ಕಂಡ ಮೇಲೆ ಕೊಲೆ ನಿಂತಿತೆಂದು ಅಲ್ಲಿಯ ಜನ ಹೇಳುತ್ತಾರಂತೆ. ಇದನ್ನೆಲ್ಲ ಸಾಹೇಬರೇ ಬರೆದಿದ್ದರು. ನಾನೇ ಟೈಪ್ ಮಾಡಿದ್ದೆ. ಮರುದಿನ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, "ಇದು ಬೇಡ, ಆ ಕಾಲದ ಯುದ್ಧ ಹಾಗೇ ಇತ್ತು. ಪುಟ ಮತ್ತೆ ಟೈಪ್ ಮಾಡಿ," ಎಂದರು. ನನಗೆ ಸಿಟ್ಟು ಬಂತು. "ಆಗಲಿ ಸರ್," ಎಂದು ಹೊಸ ಕಾಗದ ಹಾಕಿದೆ.

ಆ ಸಿಟ್ಟನ್ನು ಮಧ್ಯಾಹ್ನ ಶರಣಪ್ಪನವರ ಪಡಸಾಲೆಗೆ ಒಯ್ದೆ. ಕೋಟೆಯ ಮಾತು ಹೇಳುವ ಬದಲು ಆ ಊರಿನ ಮಾತು ಹೇಳಿದೆ. ನೀಲಮ್ಮ ಮೊರ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು.

"ಇದು ಖರೆ ಏನ್ರಿ ಅಕ್ಕೋರ?" ಎಂದು ಶರಣಪ್ಪ ಕೇಳಿದರು.

"ಖರೆ. ಸಾಹೇಬರ ಪುಸ್ತಕದಲ್ಲೇ ಇತ್ತು."

"ಹಂಗಾದ್ರ ಇಲ್ಲಿ ಕೋಟಿ ಚಿತ್ರ ತೆಗದ್ರ ಸುಳ್ಳಾಗ್ತದ. ಕೈ ಸುಳ್ಳು ಹೇಳಬಾರದ್ರಿ. ಹೇಳ್ತು ಅಂದ್ರ ಅದು ಕಾಯಕಲ್ಲ." ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿ ಕೇಳಿದರು, "ಕೂಸು ಯಾವ ಕಡೀ ಇತ್ತು?"

"ಎಡಗಡೆ," ಎಂದೆ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವರನ್ನು ತಡೆಯಬೇಕೆಂದು ನನಗೆ ಅನ್ನಿಸಲಿಲ್ಲ. ಸಾಹೇಬರ ಮುಂದೆ ನಾನು ಹೇಳಲಾರದ್ದನ್ನು ಇನ್ನೊಬ್ಬರ ಕೈ ಬೆಳ್ಳಿಯಲ್ಲಿ ಹೇಳುತ್ತಿದೆ ಎಂದು ಒಂದು ಬಗೆಯ ಸಂತೋಷವೇ ಆಯಿತು. ಅದರ ಬೆಲೆ ಯಾರು ತೆರಬೇಕಾದೀತೆಂದು ನಾನು ಯೋಚಿಸಲಿಲ್ಲ.

ಶ್ರಾವಣದಲ್ಲಿ ಬೆಳ್ಳಿ ಕೂಡಿಸಿ ಮುಗಿಯಿತು. ಅಳಿಯದ ಕಪ್ಪು ಏರಿಸಲು ಬೀದರಿನ ಕೋಟೆಯೊಳಗಿನ ಮಳೆ ಬಿಸಿಲು ಕಾಣದ ಕತ್ತಲೆ ಕೋಣೆಯ ಮಣ್ಣು ಬೇಕು. ಆ ಮಳೆಗೆ ಅಲ್ಲಿಯೂ ಥಂಡಿ ಇಳಿದಿತ್ತು. ಶರಣಪ್ಪನವರು ನಾಲ್ಕು ಮೂಲೆಗಳ ಮಣ್ಣನ್ನು ನಾಲಗೆಯ ತುದಿಗಿಟ್ಟು ನೋಡಿ ಮೂರನ್ನು ಉಗಿದರು, ನಾಲ್ಕನೆಯದನ್ನು ಚೀಲಕ್ಕೆ ತುಂಬಿದರು. ಆ ಮಣ್ಣನ್ನು ನವಸಾಗರದೊಡನೆ ನೀರಲ್ಲಿ ಕುದಿಸಿ ತಟ್ಟೆಯನ್ನು ಅದ್ದಿದಾಗ ಮನೆಯೆಲ್ಲ ಆ ಚುಚ್ಚುವ ವಾಸನೆ. ಹೊರತೆಗೆದು ಎಣ್ಣೆಯ ಅರಿವೆಯಿಂದ ಒರೆಸಿದರು. ಲೋಹ ಇದ್ದಿಲಿನಂತೆ ಕಪ್ಪಾಗಿತ್ತು, ಬೆಳ್ಳಿ ಬೆಳ್ಳಿಯಾಗಿಯೇ ಉಳಿದಿತ್ತು. ಎಂಟನೆಯ ಮನಿಯಲ್ಲಿ ಕೂದಲೆಳೆಯಷ್ಟು ಸಣ್ಣ ತಂತಿಯಿಂದ ತಾಯಿಯ ಮುಖ. ಅಷ್ಟು ಒಳ್ಳೆಯ ಕೆಲಸ ನಾನು ಮತ್ತೆ ನೋಡಿಲ್ಲ.

ತಟ್ಟೆಯನ್ನು ಬಂಗಲೆಗೆ ಒಯ್ದ ದಿನ ಜಿನುಗು ಮಳೆ. ಶರಣಪ್ಪನವರು ಮಡಿ ಧೋತರ ಉಟ್ಟು ಬಂದಿದ್ದರು. ಸಾಹೇಬರು ವರಾಂಡದಲ್ಲಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಚೌಕದ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಬೆರಳು ಎಂಟನೆಯದಕ್ಕೆ ಬಂತು. ಬಹಳ ಹೊತ್ತು ಅಲ್ಲೇ ನಿಂತಿತು.

"ಇದನ್ನು ಇವನಿಗೆ ಯಾರು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಧ್ವನಿ ಏರಿರಲಿಲ್ಲ. "ಅವನನ್ನು ಕೇಳಿ."

ಅವರಿಗೆ ನನ್ನ ಮೇಲೆ ಸಂಶಯ ಇರಲಿಲ್ಲ. ನಾನು ಬರಿಯ ದುಭಾಷಿ.

ನಾನು ಶರಣಪ್ಪನವರ ಕಡೆ ತಿರುಗಿದೆ. "ಈ ಚಿತ್ರ ಯಾಕ ತೆಗದೀರಿ ಅಂತ ಕೇಳ್ತಾರ," ಎಂದೆ.

ಅವರು ನನ್ನನ್ನು ನೋಡಿದರು. "ನೀವs ಹೇಳಿದ್ರಲ್ಲರಿ ಅಕ್ಕೋರ."

ನಾನು ಸಾಹೇಬರಿಗೆ ಹೇಳಿದೆ: "ಜಾಗ ತುಂಬಲು ತನ್ನ ಮನಸ್ಸಿಗೆ ಬಂದ ಚಿತ್ರ ಹಾಕಿದನಂತೆ, ಸರ್."

ಸಾಹೇಬರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಮನಸ್ಸಿಗೆ ಬಂದದ್ದು ಇಷ್ಟು ಸರಿಯಾಗಿ ಹೇಗೆ ಬರುತ್ತದೆ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಬಹುಶಃ ಅವರಿಗೂ ಆ ಉತ್ತರ ಬೇಕಾಗಿತ್ತು. ಆ ಬೆಳ್ಳಿ ಕಿತ್ತು ಅಲ್ಲಿ ಕೋಟೆ ಹಾಕಿಕೊಡಲಿ, ಇಲ್ಲದಿದ್ದರೆ ತಟ್ಟೆ ಬೇಡ ಎಂದರು. ಇದನ್ನು ಮಾತ್ರ ನಾನು ಚಾಚೂ ತಪ್ಪದೆ ಕನ್ನಡಕ್ಕೆ ತಿರುಗಿಸಿದೆ.

ಶರಣಪ್ಪನವರು ಸಾಹೇಬರನ್ನು ನೋಡಲಿಲ್ಲ. "ಅಕ್ಕೋರ, ಒಂದs ಮಾತು ಹೇಳ್ರಿ. ಇದು ಖರೆನೋ, ಸುಳ್ಳೋ? ಸುಳ್ಳಿದ್ರ ಈಗ ಇಲ್ಲೇ ಕುಂತು ಕಿತ್ತು ಕೊಡ್ತೇನಿ. ಖರೆ ಇದ್ರ ಕೀಳಂಗಿಲ್ಲ."

ಮೇಜಿನ ಮೇಲೆ, ತಟ್ಟೆಯ ಪಕ್ಕದಲ್ಲೇ, ಹೈದರಾಬಾದಿನ ಪತ್ರಕ್ಕೆಂದು ಆ ಬೆಳಿಗ್ಗೆ ನಾನೇ ತೆಗೆದಿಟ್ಟ ಕಾಗದ ಇತ್ತು. ಸಾಹೇಬರು ಅದರ ಮೇಲೆ ತಾರೀಖು ಮಾತ್ರ ಬರೆದಿದ್ದರು.

"ನನಗೆ ಗೊತ್ತಿಲ್ಲರಿ," ಎಂದೆ.

ಅವರು ತಟ್ಟೆಯನ್ನು ಅರಿವೆಯಲ್ಲಿ ಸುತ್ತಿ, ಕಂಕುಳಲ್ಲಿ ಹಿಡಿದು, ಮಳೆಯಲ್ಲೇ ಇಳಿದು ಹೋದರು.

ಮಧ್ಯಾಹ್ನ ಸಾಹೇಬರು ಪತ್ರ ಬರೆದರು. ನಾನು ಕೆಲಸದಲ್ಲಿ ಚೊಕ್ಕ, ದುಭಾಷಿಯಾಗಿ ಪೂರ್ಣ ನಂಬಿಕೆಗೆ ಯೋಗ್ಯಳು ಎಂದಿತ್ತು. ಅದನ್ನೂ ನಾನೇ ಟೈಪ್ ಮಾಡಿದೆ. ಭಾಲ್ಕಿಯಲ್ಲಿ ತಂದೆ ಅದನ್ನು ಎರಡು ಸಲ ಕನ್ನಡದಲ್ಲಿ ಓದಿಸಿ ಕೇಳಿ, ಬೈಬಲಿನೊಳಗೆ ಮಡಿಸಿಟ್ಟರು. "ದೇವರ ದಯಾ," ಎಂದರು. ದೀಪಾವಳಿಗೆ ಔರಾದಿನ ಕೆಲಸದ ಹುಕುಂ ಬಂತು. ಮುತ್ತ್ಯಾನ ಮೌನಕ್ಕೆ ಜಹಗೀರು, ಬಿರುದು ಸಿಕ್ಕವು, ನನ್ನದಕ್ಕೆ ಇದು. ಸಾಹೇಬರು ಹೊರಡುವ ಮೊದಲು ಜಿಲ್ಲೆಯ ದೊಡ್ಡ ಅಧಿಕಾರಿಯ ಮನೆಯ ಚಹಾಕ್ಕೆ ಹೋಗಿ ತಟ್ಟೆಯ ಮಾತು ಆಡಿದ್ದರು. ಹೇಳಿದ್ದು ಬಿಟ್ಟು ತನಗೆ ತೋಚಿದ್ದು ಮಾಡುವ ಕಸುಬುದಾರ ಎಂದರಂತೆ. ಆ ವರ್ಷದಿಂದ ನಜರಿನ ಕೆಲಸ ಬೇರೆಯವರ ಮನೆಗೆ ಹೋಯಿತು. ಇದನ್ನು ಡಾಕ್ಟರಮ್ಮ ಕಾಗದದಲ್ಲಿ ಬರೆದು ತಿಳಿಸಿದಾಗ ನಾನು ಉತ್ತರದಲ್ಲಿ ಹವೆಯ ಬಗ್ಗೆ ಬರೆದೆ.

ಮೂರು ವರ್ಷ ಹೀಗೇ ಕಳೆಯಿತು. ಕಲಾಯಿಯವನ ಹೊಗೆ ಏಳದಿದ್ದರೆ ಇನ್ನೂ ಎಷ್ಟು ಕಳೆಯುತ್ತಿತ್ತೋ.

ದಸರೆಯ ರಜೆಗೆ ಭಾಲ್ಕಿಗೆ ಹೋಗುವ ಬದಲು ಬೀದರಿನ ಮೋಟಾರು ಹತ್ತಿದೆ. ಶರಣಪ್ಪನವರು ಅದೇ ಪಡಸಾಲೆಯಲ್ಲಿ ಅಂಗಿಯ ಗುಂಡಿಗಳಿಗೆ ಬೆಳ್ಳಿ ಕೂಡಿಸುತ್ತ ಕೂತಿದ್ದರು. ಕಣ್ಣಿಗೆ ಕನ್ನಡಕ ಬಂದಿತ್ತು.

"ಅಕ್ಕೋರ ಬಂದಾರ," ಎಂದು ಒಳಗೆ ಕೂಗಿದರು, ನಿನ್ನೆ ಹೋದವಳು ಇಂದು ಬಂದಂತೆ. ನೀಲಮ್ಮ ಚಾಪೆ ಹಾಸಿದರು. ನನ್ನ ಮುಖ ನೋಡಲಿಲ್ಲ.

ಮೋಟಾರಿನಲ್ಲಿ ನಾಲ್ಕು ತಾಸು ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಅವತ್ತು ಸಾಹೇಬರು ಕೇಳಿದ್ದು ಬೇರೆ, ನಾನು ನಿಮಗೆ ಹೇಳಿದ್ದು ಬೇರೆ," ಎಂದೆ.

"ಗೊತ್ತದರಿ," ಎಂದರು, ಕೈ ನಿಲ್ಲಿಸದೆ. "ನಲವತ್ತು ವರ್ಷ ಸಾಹೇಬ್ರಿಗೆ ಮಾಲು ಮಾರೀನಿ. ಯಾರು ಹೇಳಿದ್ರು ಅಂತ ಅಂವ ಕೇಳಿದ್ದು ತಿಳಿಯಂಗಿಲ್ಲೇನು ನನಗ?"

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ನೀವು ಹೇಳ್ತೀರೇನು ಅಂತ ದಾರಿ ನೋಡಿದೆ."

ಸುತ್ತಿಗೆಯ ಸಣ್ಣ ಸದ್ದು. ನಾನು ನಜರಿನ ಕೆಲಸದ ಮಾತು ತೆಗೆದೆ. ಅವರು ಕೈಯಾಡಿಸಿ ಅದನ್ನು ತಳ್ಳಿಬಿಟ್ಟರು.

"ಅದು ಹೋಗ್ಲಿ ಬಿಡ್ರಿ. ಗುಂಡಿ ಮಾಡಿದ್ರೂ ಜೋಳ ಬರ್ತಾವ. ನನ್ನ ಮನಸಿಗೆ ಹತ್ತಿದ್ದು ಬ್ಯಾರೆ." ಈಗ ಸುತ್ತಿಗೆ ಕೆಳಗಿಟ್ಟರು. "ನೀವು ಮುಚ್ಚಿಟ್ರಿ. ಆಮ್ಯಾಲ ಗೊತ್ತಿಲ್ಲ ಅಂದ್ರಿ. ಆಗ ನನಗ ಅನಸ್ತು, ಮಾತು ಖರೆ ಇದ್ರ ಓದಿದ ಹೆಣ್ಣುಮಗಳು ಯಾಕ ಮುಚ್ಚಿಟ್ಟಾಳು? ಸುಳ್ಳs ಇರಬೇಕು. ಅಂದ್ರ ನಾ ಏನು ಮಾಡಿದೆ? ಸತ್ತು ಮಣ್ಣಾದಂವ, ಯಾರದೋ ಮುತ್ತ್ಯಾ, ನನಗೇನೂ ಮಾಡಿದಂವಲ್ಲ. ಅವನ ಮ್ಯಾಲ ಹೆಂಗಸ್ರು ಕೂಸುಗಳ್ನ ಕೊಂದ ಪಾಪ ಹೊರಿಸಿದೆ. ಬೆಳ್ಳಿಯೊಳಗ ಹೊರಿಸಿದೆ."

"ಮೂರು ವರ್ಷ ಇದನ್ನs ಅಂದಾರ್ರಿ," ಎಂದರು ನೀಲಮ್ಮ, ಗೋಡೆಯ ಕಡೆ ಮುಖ ಮಾಡಿ. "ಪೂಜಿಗೆ ಕುಂತಾಗೂ ಅಂದಾರ. ಕಿತ್ತು ಒಗೀರಿ ಅಂದೆ. ಖರೆ ಇದ್ರ ಹ್ಯಾಂಗ ಕೀಳ್ಲಿ ಅಂದ್ರು. ಇಡ್ರಿ ಅಂದೆ. ಸುಳ್ಳಿದ್ರ ಹ್ಯಾಂಗ ಇಡ್ಲಿ ಅಂದ್ರು. ಕಡೀಕ ನಾನs ತೊಗೊಂಡು ಕೊಡದ ಮ್ಯಾಲ ಮುಚ್ಚಳ ಮಾಡೀನಿ. ಬೋರಲಾ ಹಾಕಿ."

ಆಗ ನೋಡಿದೆ. ಮೂಲೆಯ ನೀರಿನ ಕೊಡದ ಮೇಲೆ ಕಪ್ಪು ತಟ್ಟೆ, ಬೆನ್ನು ಮೇಲಾಗಿ. ಅದರ ಮೇಲೆ ಎರಡು ಲೋಟ.

"ಮುತ್ತ್ಯಾ ನೀರಾಗ ಮಾರಿ ಹಾಕ್ಕೊಂಡು ಕುಂತಾನ," ಎಂದರು ನೀಲಮ್ಮ.

"ಈಗರ ಹೇಳ್ರಿ ಅಕ್ಕೋರ," ಎಂದರು ಶರಣಪ್ಪ.

"ಕೊಲೆ ಖರೆ," ಎಂದೆ. "ಲೂಟಿ ಖರೆ. ಹೆಂಗಸರು ಮಕ್ಕಳು ಸತ್ತದ್ದು ಖರೆ. ಸಾಹೇಬರೇ ಬರೆದು ಆಮೇಲೆ ಹೊಡೆದುಹಾಕಿದರು. ತಾಯಿ, ಕೂಸು ಇದ್ದದ್ದು ಅಲ್ಲಿಯ ಜನ ಹೇಳುವ ಮಾತು. ಎಡಗಡೆ ಎಂದದ್ದು ಮಾತ್ರ ನನ್ನ ಸುಳ್ಳು."

ಶರಣಪ್ಪನವರು "ಎಡಕಿದ್ರೇನು, ಬಲಕಿದ್ರೇನು," ಎಂದು ಎದ್ದರು. ಮೊಣಕಾಲು ಹಿಡಿದು ಮೂಲೆಗೆ ಹೋಗಿ, ಲೋಟಗಳನ್ನು ತೆಗೆದು ನೀಲಮ್ಮನ ಕೈಗೆ ಕೊಟ್ಟು, ತಟ್ಟೆಯನ್ನು ಎತ್ತಿ ತಿರುಗಿಸಿದರು. ಬೆಳ್ಳಿಗೆ ಕಿಲುಬು ಹಿಡಿದು ಮುಖ, ಹಡಗು, ಕುರ್ಚಿ ಎಲ್ಲ ಒಂದೇ ಕಂದು ಬಣ್ಣವಾಗಿತ್ತು. ಧೋತರದ ಚುಂಗಿಗೆ ಎಣ್ಣೆ ಹಚ್ಚಿ ಒರೆಸತೊಡಗಿದರು. ಮೊದಲು ಎಂಟನೆಯ ಮನಿ.

ನನಗೆ ಕ್ಷಮೆಯ ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ನೀಲಮ್ಮ ಆ ಎರಡು ಲೋಟಗಳಲ್ಲಿ ಒಂದರಲ್ಲಿ ನೀರು ತುಂಬಿ ನನ್ನ ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ. ಕುಡಿದೆ. ಶರಣಪ್ಪನವರ ಬೆರಳಿನ ಕೆಳಗೆ ತಾಯಿಯ ಮುಖ ಬೆಳ್ಳಗಾಗುತ್ತ ಬಂತು. ಕೂಸು ಎಡಗಡೆಯೇ ಇತ್ತು, ನಾನು ಹೇಳಿದಲ್ಲಿಯೇ.

"ಹೊರಡ್ರಿ ಅಕ್ಕೋರ," ಎಂದರು ಶರಣಪ್ಪ, ತಲೆಯೆತ್ತದೆ. "ಔರಾದ ಮೋಟಾರ ಹೋಗ್ತದ."